ಬೆನ್ನು ತಿರುಗಿಸಿ ನಿಂತಿದ್ದ ಹೆಂಗಸು

ಕಳೆದ ನವೆಂಬರಿನ ಒಂದು ರಾತ್ರಿ ಬೆಂಗಳೂರಿನಿಂದ ತಂಗಿಯ ಮಗಳ ಫೋನು ಬಂತು. "ದೊಡ್ಡಮ್ಮ, ಕ್ರಿಸ್‌ಮಸ್ ರಜೆಗೆ ನಾವು ನಾಲ್ಕು ಜನ ಗೆಳತಿಯರು ಮುಲ್ಕಿಗೆ ಬರ್ತೇವೆ, ಸರ್ಫಿಂಗ್ ಕಲಿಯಲಿಕ್ಕೆ. ನಾಲ್ಕು ದಿನ ಮಗುವನ್ನು ನಿಮ್ಮಲ್ಲಿ ಬಿಡಬಹುದಾ?" ಮಗುವಿಗೆ ಎರಡೂವರೆ ವರ್ಷ. ನಾನು ಹೂಂ ಎಂದೆ. ಬೆಳಗಾಗುವಷ್ಟರಲ್ಲಿ ತಂಗಿಯ ಫೋನು. "ಅಕ್ಕಾ, ನೀನಾದರೂ ಅವಳಿಗೆ ಬುದ್ಧಿ ಹೇಳಬಾರದಾ? ಹೆತ್ತ ಮಗುವನ್ನು ಬಿಟ್ಟು ಕಡಲಲ್ಲಿ ಹಲಗೆಯ ಮೇಲೆ ಕುಣಿಯುವ ಹುಚ್ಚು ಯಾಕೆ?"

ಇಬ್ಬರಿಗೂ ಏನು ಹೇಳಬೇಕೆಂದು ನನಗೆ ಹೊಳೆಯಲಿಲ್ಲ. ಕಡಲಿನಿಂದ ಎರಡು ಮೈಲಿ ದೂರದಲ್ಲಿ ಹುಟ್ಟಿ ಬೆಳೆದ ನಾನು ಮೊಣಕಾಲಿನಿಂದ ಮೇಲೆ ಉಪ್ಪುನೀರು ತಾಗಿಸಿಕೊಂಡವಳಲ್ಲ. ಕಡಲಿಗೆ ಬೆನ್ನು ಹಾಕಬೇಡಿ ಎಂದು ಅಮ್ಮ ಹೇಳುತ್ತಿದ್ದಳು. ನಾವು ಅದಕ್ಕೆ ಮುಖವನ್ನೂ ಹಾಕಲಿಲ್ಲ. ಏನೂ ತೋಚದಿದ್ದಾಗ ಪುಸ್ತಕದ ಕಪಾಟು ತೆರೆಯುವುದು ಮೇಷ್ಟರಗಿತ್ತಿಯ ಚಾಳಿ. ಅಲ್ಲಿ ಎರಡು ಪುಸ್ತಕಗಳು ಸಿಕ್ಕವು. ಸರ್ಫಿಂಗ್ ಕಲಿಯಲು ಹೋಗಿ ಬಿದ್ದು ಎದ್ದ ಇಬ್ಬರು ದೊಡ್ಡ ಲೇಖಕರು ಅವುಗಳಲ್ಲಿ ತಮ್ಮ ಕಥೆ ಹೇಳಿಕೊಂಡಿದ್ದಾರೆ. ಒಬ್ಬರು ಗಂಡಸು, ಒಬ್ಬರು ಹೆಂಗಸು. ಇಬ್ಬರೂ ಪಾಠ ಕಲಿತದ್ದು ಹವಾಯಿಯ ವೈಕಿಕಿ ಎಂಬ ಒಂದೇ ತೀರದಲ್ಲಿ.

ಗಂಡಸು ಅಮೆರಿಕದ ಜಾಕ್ ಲಂಡನ್. ಸ್ವಂತ ಹಡಗು ಕಟ್ಟಿಸಿಕೊಂಡು ಹೊರಟ ಆತ 1907ರಲ್ಲಿ ವೈಕಿಕಿಯಲ್ಲಿ ಅಲೆಯೇರಲು ಹೋದ. ಆ ಅನುಭವ ಅದೇ ವರ್ಷ ಅಮೆರಿಕದ ಒಂದು ಮಹಿಳಾ ಮಾಸಪತ್ರಿಕೆಯಲ್ಲಿ ಅಚ್ಚಾಯಿತು, 1911ರಲ್ಲಿ 'ದಿ ಕ್ರೂಸ್ ಆಫ್ ದಿ ಸ್ನಾರ್ಕ್' ಪುಸ್ತಕದ ಒಂದು ಅಧ್ಯಾಯವಾಯಿತು. ಓದಲು ಬಲು ಸೊಗಸಾದ ಬರಹ. ಅಲೆ ಎಂದರೆ ನೀರಿನ ಓಟವಲ್ಲ, ನೀರು ಇದ್ದಲ್ಲೇ ಏರಿ ಇಳಿಯುತ್ತದೆ, ಓಡುವುದು ಅದರ ಆಕಾರ ಮಾತ್ರ, ತಳ ಮೇಲೆ ಬಂದಲ್ಲಿ ಬುಡಕ್ಕೆ ತಡೆಯಾಗಿ ನೆತ್ತಿ ಮುಂದಕ್ಕೆ ಕವುಚುತ್ತದೆ ಎಂಬುದನ್ನು ಆತ ವಿವರಿಸಿದಷ್ಟು ಚೆನ್ನಾಗಿ ನಮ್ಮ ಶಾಲೆಯ ವಿಜ್ಞಾನ ಪುಸ್ತಕ ವಿವರಿಸಿದ್ದನ್ನು ನಾನು ಕಂಡಿಲ್ಲ.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೊಂದು ಪ್ರಸಂಗ. ಲಂಡನ್ ಅಲೆಯ ಮೇಲೆ ದಡದತ್ತ ಧಾವಿಸುತ್ತಿದ್ದಾನೆ. ಅವನ ದಾರಿಗೆ ಅಡ್ಡವಾಗಿ, ಸೊಂಟಮಟ್ಟದ ನೀರಿನಲ್ಲಿ, ಇವನಿಗೆ ಬೆನ್ನು ತಿರುಗಿಸಿ ಒಬ್ಬ ಹೆಂಗಸು ನಿಂತಿದ್ದಾಳೆ. ಹಲಗೆಯ ತೂಕ 75 ಪೌಂಡು, ತನ್ನದು 165, ವೇಗ ಗಂಟೆಗೆ 15 ಮೈಲಿ ಎಂದು ಆತನೇ ಲೆಕ್ಕ ಕೊಡುತ್ತಾನೆ. ನಮ್ಮ ಅಳತೆಯಲ್ಲಿ ಹೆಚ್ಚುಕಡಿಮೆ 109 ಕಿಲೋ ಭಾರ 24 ಕಿಲೋಮೀಟರ್ ವೇಗದಲ್ಲಿ ಆಕೆಯ ಬೆನ್ನಿನ ಮೇಲೆ ಬರುತ್ತಿದೆ. ಗುರುವಾದ ಫೋರ್ಡ್ ಹೇಳಿಕೊಟ್ಟದ್ದು ಆ ಕ್ಷಣ ನೆನಪಾಗಿ, ಕಾಲಿನಿಂದ ಹಲಗೆಯನ್ನು ಪಕ್ಕಕ್ಕೆ ತಿರುಗಿಸಿ, ತಾನು ನೀರಿನ ತಳ ಸೇರುತ್ತಾನೆ. ಎದ್ದು ನೋಡಿದರೆ ಆಕೆ ನಗುತ್ತಿದ್ದಾಳೆ. ತನಗೆ ಒದಗಿದ್ದ ಅಪಾಯವೇ ಆಕೆಗೆ ಗೊತ್ತಿಲ್ಲ. ಪ್ರಾಣ ಉಳಿಸಿದ ವೀರ ತಾನು ಎಂದುಕೊಂಡಿದ್ದ ಲಂಡನ್, ಉಳಿಸಿದ್ದು ತಾನಲ್ಲ, ಫೋರ್ಡ್ ಎಂದು ಸಮಾಧಾನ ಮಾಡಿಕೊಳ್ಳುತ್ತಾನೆ.

ಕಾಲೇಜಿನ ದಿನಗಳಲ್ಲಿ ಇದನ್ನು ಓದಿ ನಾನೂ ನಕ್ಕಿದ್ದೆ. ಈಗ ನಗು ಬರಲಿಲ್ಲ. ತನ್ನನ್ನೇ ಗೇಲಿ ಮಾಡಿಕೊಳ್ಳುವ ಈ ಲೇಖಕನ ಗುಣ ದೊಡ್ಡದು, ನಿಜ. ಆದರೂ ಆ ಹೆಂಗಸು ಯಾರು? ಯಾರೊಡನೆ ಬಂದಿದ್ದಳು? ದಡದಲ್ಲಿ ಅವಳ ಮಗುವಿತ್ತೇ? ಬರಹದಲ್ಲಿ ಅವಳಿಗೆ ಒಂದು ಬೆನ್ನು ಮತ್ತು ಒಂದು ನಗು ಬಿಟ್ಟರೆ ಬೇರೇನೂ ಇಲ್ಲ. ಹವಾಯಿಯಲ್ಲಿ ಹಿಂದಿನಿಂದಲೂ ಹೆಂಗಸರು ಅಲೆಯೇರುತ್ತಿದ್ದರು. ಕಾಹುಮನು ಎಂಬ ರಾಣಿ ಅದರಲ್ಲಿ ಹೆಸರು ಮಾಡಿದವಳು. ಲಂಡನ್ನನ ಬರಹದಲ್ಲಿ ಮಾತ್ರ ಅಲೆಯ ಮೇಲೆ ದೇವರಂತೆ ನಿಂತು ಬರುವವನು ಗಂಡಸು, ಅವನ ದಾರಿಗೆ ಅಡ್ಡ ನಿಂತವಳು ಹೆಂಗಸು. ಮಹಿಳಾ ಪತ್ರಿಕೆಯ ಓದುಗರಿಗೆ ಇದು ಹೇಗೆ ಕಂಡಿತೋ!

ಆದರೆ ತಾನು ಅರಿಯದೆಯೇ ಲಂಡನ್ ಒಂದು ಸತ್ಯವನ್ನು ದಾಖಲಿಸಿದ್ದಾನೆ. ಜನ ಕಿಕ್ಕಿರಿದ ಬೀಚಿನಲ್ಲಿ ಕಲಿಯುವವನ ಅಪಾಯ ಕಲಿಯುವವನೊಬ್ಬನದೇ ಅಲ್ಲ. ಅಲ್ಲಿ ಬೆನ್ನು ತಿರುಗಿಸಿ ನಿಂತವರದೂ ಹೌದು.

ಇನ್ನು ಹೆಂಗಸು. ಅಗಾಥಾ ಕ್ರಿಸ್ಟಿ ಎಂದರೆ ನಮಗೆ ಪತ್ತೇದಾರಿ ಕಾದಂಬರಿ. 1922ರಲ್ಲಿ ಗಂಡ ಆರ್ಚಿಯೊಂದಿಗೆ ಆಕೆ ಹತ್ತು ತಿಂಗಳ ಲೋಕಪ್ರವಾಸ ಹೊರಟಳು. ದಕ್ಷಿಣ ಆಫ್ರಿಕಾದ ಮ್ಯೂಸೆನ್‌ಬರ್ಗಿನಲ್ಲಿ ತೆಳು ಹಲಗೆಯ ಮೇಲೆ ಬೋರಲು ಮಲಗಿ ಅಲೆಯೇರುವುದನ್ನು ಕಲಿತಳು. ವೈಕಿಕಿಗೆ ಹೋದಾಗ ಎಲ್ಲ ಬರುತ್ತದೆಂದುಕೊಂಡವಳಿಗೆ ಅಲ್ಲಿನ ಭಾರದ ಹಲಗೆ, ದೊಡ್ಡ ಅಲೆ ಮತ್ತೆ ಒಂದನೇ ತರಗತಿಯಿಂದ ಪಾಠ ಹೇಳಿದವು. ಹವಳದ ಬಂಡೆಗೆ ತಾಗಿ ಕಾಲು ಕುಯ್ದುಕೊಂಡಳು. ಭುಜದಿಂದ ಕಾಲಿನವರೆಗೆ ಮುಚ್ಚುವ ಅವಳ ಚೆಂದದ ರೇಷ್ಮೆ ಸ್ನಾನದುಡುಪನ್ನು ಅಲೆಗಳು ಹರಿದು ಕಿತ್ತುಹಾಕಿದವು. ಅವಳು ಹೋಟೆಲಿನ ಅಂಗಡಿಯಿಂದ ಪಚ್ಚೆ ಬಣ್ಣದ ಉಣ್ಣೆಯ ಚಿಕ್ಕ ಈಜುಡುಗೆ ಕೊಂಡಳು. ಅದರಲ್ಲಿ ತಾನು ಚೆನ್ನಾಗಿ ಕಾಣುತ್ತಿದ್ದೆ ಎಂದು ಮುಚ್ಚುಮರೆಯಿಲ್ಲದೆ ಬರೆಯುತ್ತಾಳೆ. ಕೊನೆಗೆ ಒಂದು ದಿನ ಹಲಗೆಯ ಮೇಲೆ ನೆಟ್ಟಗೆ ನಿಂತು ದಡದವರೆಗೆ ಬಂದಳು. 1977ರಲ್ಲಿ, ಅವಳು ತೀರಿಕೊಂಡ ಮರುವರ್ಷ, ಪ್ರಕಟವಾದ ಆತ್ಮಕಥೆಯಲ್ಲಿ ಆ ಕ್ಷಣದ ಸಂತೋಷ ಇನ್ನೂ ಹಸಿಯಾಗಿಯೇ ಇದೆ.

ಬರಹಗಾರ್ತಿಯಾಗಿ ಆಕೆ ಲಂಡನ್ನನಿಗಿಂತ ಸರಳ. ಅಲೆಯ ಶಾಸ್ತ್ರ ಹೇಳುವುದಿಲ್ಲ, ದೇವರುಗಳನ್ನು ಕರೆಯುವುದಿಲ್ಲ. ಬಿದ್ದದ್ದು, ಬಟ್ಟೆ ಹರಿದದ್ದು, ಕಾಲಿಗೆ ಮೆತ್ತನೆಯ ಚರ್ಮದ ಬೂಟು ಕೊಂಡದ್ದು, ಎಲ್ಲವನ್ನೂ ಮನೆಯ ಖರ್ಚಿನ ಲೆಕ್ಕ ಬರೆದಂತೆ ಬರೆಯುತ್ತಾಳೆ. ಹೊಸದಾಗಿ ಕಲಿಯುವವರಿಗೆ ಉಪಯೋಗವಾಗುವುದು ಈ ಲೆಕ್ಕವೇ. ಲಂಡನ್ನನೂ ಬಿಸಿಲಿನ ಲೆಕ್ಕ ಮರೆತು ಚರ್ಮ ಸುಟ್ಟುಕೊಂಡು ಹಾಸಿಗೆ ಹಿಡಿದವನೇ. ಮೊದಲೇ ಒಂದು ತುಂಬುತೋಳಿನ ಅಂಗಿ ಇಟ್ಟುಕೊಂಡಿದ್ದರೆ ಆ ಸಂಕಟ ಇರುತ್ತಿರಲಿಲ್ಲ.

ಆ ಲೆಕ್ಕದಲ್ಲಿ ಇನ್ನೊಂದು ಬಾಬತ್ತಿದೆ. ಹೊರಡುವಾಗ ಕ್ರಿಸ್ಟಿಯ ಮಗಳು ರೊಸಾಲಿಂಡಳಿಗೂ ಎರಡೂವರೆ ವರ್ಷ. ಮಗುವನ್ನು ಅಜ್ಜಿ ಮತ್ತು ದೊಡ್ಡಮ್ಮನಲ್ಲಿ ಬಿಟ್ಟಿದ್ದಳು. ಹೆಂಡತಿ ಗಂಡನೊಂದಿಗಿರಬೇಕು ಎಂದು ಹೇಳಿ ಕಳಿಸಿದವಳು ಸ್ವತಃ ತಾಯಿ. ಹಿಂದಿರುಗಿದಾಗ ಮಗಳು ಇವರನ್ನು ಅಪರಿಚಿತರಂತೆ ನೋಡಿ, ದೊಡ್ಡಮ್ಮ ಎಲ್ಲಿ ಎಂದು ಕೇಳಿದಳಂತೆ. ಕ್ರಿಸ್ಟಿ ಇದನ್ನೂ ಬರೆದಿದ್ದಾಳೆ. ಅಳುವುದಿಲ್ಲ, ಸಮರ್ಥಿಸಿಕೊಳ್ಳುವುದೂ ಇಲ್ಲ. ಗಂಡನ ಜೊತೆ ಹೋದರೆ ಹತ್ತು ತಿಂಗಳೂ ಕರ್ತವ್ಯ, ಗೆಳತಿಯರ ಜೊತೆ ಹೋದರೆ ನಾಲ್ಕು ದಿನವೂ ಹುಚ್ಚು. ಈ ಮಾತನ್ನು ಫೋನಿನಲ್ಲಿ ಹೇಳಿದಾಗ ತಂಗಿ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಬಳಿಕ ಹುಡುಗಿ ಕಳಿಸಿದ್ದ ಪಟ್ಟಿಯನ್ನು ಕೆಂಪು ಪೆನ್ನು ಹಿಡಿದು ನೋಡಿದೆ. ಕಾರು, ಕೋಣೆ, ಕ್ಯಾಮೆರಾ, ಮೀನೂಟದ ಹೋಟೆಲುಗಳ ಹೆಸರು ಎಲ್ಲ ಇತ್ತು. ನಾಲ್ವರಲ್ಲಿ ಯಾರಿಗೆ ಈಜು ಬರುತ್ತದೆ ಎಂಬುದಿರಲಿಲ್ಲ. ವಿಚಾರಿಸಿದರೆ ಇಬ್ಬರಿಗೆ ಬರುವುದಿಲ್ಲ. ಅವರು ಮೊದಲು ಒಂದು ತಿಂಗಳು ಈಜುಕೊಳಕ್ಕೆ ಹೋಗಲಿ ಎಂದೆ. ಎರಡನೆಯದು ದಿನಾಂಕ. ಕ್ರಿಸ್‌ಮಸ್ ವಾರದಲ್ಲಿ ನಮ್ಮ ಕರಾವಳಿಯ ಬೀಚುಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಪಣಂಬೂರು, ಮಲ್ಪೆಗಳಂತೂ ಜಾತ್ರೆ. ಜನವರಿಯ ಮಧ್ಯದಲ್ಲಿ, ವಾರದ ನಡುವಿನ ದಿನಗಳಲ್ಲಿ, ಬೆಳಗ್ಗೆ ಬಿಸಿಲೇರುವ ಮೊದಲು ನೀರಿಗಿಳಿಯಬೇಕು. ಮಳೆಗಾಲದ ಮಾತೇ ಬೇಡ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳೇ ಕಡಲಿಗಿಳಿಯುವಂತಿಲ್ಲ.

ಮೂರನೆಯದು ಜಾಗ. 2016ರಲ್ಲಿ ಸಸಿಹಿತ್ಲಿನಲ್ಲಿ ರಾಷ್ಟ್ರಮಟ್ಟದ ಸರ್ಫಿಂಗ್ ಸ್ಪರ್ಧೆ ನಡೆದ ಮೇಲೆ ಆ ತೀರದ ಹೆಸರು ಎಲ್ಲ ಕಡೆ ಕೇಳುತ್ತಿದೆ. ಸ್ಪರ್ಧೆಯ ಅಲೆ ಬೇರೆ, ಕಲಿಯುವವರ ಅಲೆ ಬೇರೆ. ಕಲಿಯುವವರಿಗೆ ಸೊಂಟಮಟ್ಟದ ನೀರು, ಮುರಿದು ಬರುವ ಬಿಳಿ ನೊರೆ ಸಾಕು. ಶಾಂಭವಿ, ನಂದಿನಿ ನದಿಗಳು ಕಡಲು ಸೇರುವ ಅಳಿವೆ ಬಾಗಿಲಿನ ಸೆಳೆತದಿಂದ ದೂರವಿರಬೇಕು. ಸೆಳೆತಕ್ಕೆ ಸಿಕ್ಕರೆ ದಡದ ಕಡೆಗೆ ಎದುರೀಜು ಬೀಳದೆ, ಹಲಗೆ ಬಿಡದೆ, ಕೈ ಎತ್ತಿ ಕರೆಯಬೇಕು, ದಡಕ್ಕೆ ಸಮಾನಾಂತರವಾಗಿ ಸರಿಯಬೇಕು.

ಕೊನೆಯದು ಹಲಗೆ. ಈಗಿನ ಕಲಿಕೆಯ ಹಲಗೆ ಮೆತ್ತನೆಯದು, ಅದನ್ನು ಕಾಲಿಗೆ ಕಟ್ಟಿಕೊಳ್ಳುವ ಹಗ್ಗವೂ ಇದೆ. ಹಗ್ಗ ಬಳಕೆಗೆ ಬಂದದ್ದು 1970ರ ದಶಕದಲ್ಲಿ. ಲಂಡನ್, ಕ್ರಿಸ್ಟಿ ಇಬ್ಬರಿಗೂ ಆ ಭಾಗ್ಯ ಇರಲಿಲ್ಲ. ಆದರೆ ಹಗ್ಗ ನಮ್ಮನ್ನು ಕಾಯುತ್ತದೆಯೇ ಹೊರತು ಹಿಂದೆ ನಿಂತವರನ್ನಲ್ಲ. ಅಲೆ ಬಂತೆಂದು ಹಲಗೆ ಬಿಸುಟರೆ ಅದು ಹಿಂದಿನವರ ಮುಖಕ್ಕೆ ಹೋಗುತ್ತದೆ. ಒಂದು ಅಲೆಗೆ ಒಬ್ಬರು ಎಂಬ ನಿಯಮ ಅದಕ್ಕೇ ಇರುವುದು. ಪಟ್ಟಿಯ ಕೆಳಗೆ ಬರೆದೆ: "ಹತ್ತುವ ಮೊದಲು ನಿನ್ನ ದಾರಿಯಲ್ಲಿ ಯಾರು ಬೆನ್ನು ತಿರುಗಿಸಿ ನಿಂತಿದ್ದಾರೆ ನೋಡು."

ಜನವರಿಯಲ್ಲಿ ಅವರು ಬಂದರು. ಮೊದಲ ದಿನ ನಾನೂ ಮಗುವನ್ನು ಎತ್ತಿಕೊಂಡು ಸಸಿಹಿತ್ಲಿಗೆ ಹೋದೆ. ಹುಡುಗಿ ಬೀಳುವುದನ್ನು ಎಣಿಸುತ್ತಿದ್ದೆ. ಹದಿನಾಲ್ಕರ ನಂತರ ಲೆಕ್ಕ ತಪ್ಪಿತು. ನಾಲ್ಕು ದಿನ ಕಳೆದರೂ ಅವಳಿಗೆ ಮಂಡಿಯೂರುವುದಷ್ಟೇ ಬಂತು, ನಿಲ್ಲಲಾಗಲಿಲ್ಲ. ಮೂರನೆಯ ದಿನ ತಂಗಿಯೂ ಬಸ್ಸಿನಲ್ಲಿ ಬಂದಿಳಿದಳು. ಬಂದವಳು ಬೈಯಲಿಲ್ಲ, ಹೊಗಳಲೂ ಇಲ್ಲ. ಮಗುವನ್ನು ನನ್ನ ಕೈಯಿಂದ ತೆಗೆದುಕೊಂಡು ಮರಳಿನ ಮೇಲೆ ಕೂತಳು. "ಅಷ್ಟು ಆಳಕ್ಕೆ ಹೋಗಿಲ್ಲ ತಾನೇ?" ಎಂದು ಮಾತ್ರ ಕೇಳಿದಳು.

ಕೈ ಖಾಲಿಯಾಗಿತ್ತು. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಕಡಲಿಗೆ ಮುಖ ಮಾಡಿ, ನಾನು ಸೊಂಟದವರೆಗೆ ನೀರಿಗಿಳಿದೆ.