ಬಂಗಾರದ ಸಿನಿಮಾ, ದೂಳಿನ ಊರು

ಕೋಲಾರದ ಚಿನ್ನದ ಗಣಿಯ ಹೆಸರು ಹೊತ್ತು 2018ರಲ್ಲಿ ಒಂದು, 2022ರಲ್ಲಿ ಇನ್ನೊಂದು ಸಿನಿಮಾ ಬಂದವು. ಪ್ರಶಾಂತ್ ನೀಲ್ ಅವರ 'ಕೆ.ಜಿ.ಎಫ್' ನೋಡಿ ದೇಶವೇ ಶಿಳ್ಳೆ ಹೊಡೆಯಿತು. ಚಿಕ್ಕಜಾಜೂರಿನ ನಮ್ಮ ಹುಡುಗರೂ ಹೊಡೆದರು. ಕನ್ನಡದ ಸಿನಿಮಾ ಮುಂಬೈ ಮಂದಿಯನ್ನೂ ಬಗ್ಗಿಸಿತು ಅನ್ನೋ ಖುಷಿ ಸುಳ್ಳಲ್ಲ. ಆದರೆ ಶಿಳ್ಳೆ ನಿಂತ ಮೇಲೆ ಕೇಳಲೇಬೇಕಾದ ಮಾತೊಂದಿದೆ: ಸೆಟ್ ಹಾಕಿ ಕುಣಿದಿರಲ್ಲ, ಆ ಗುಡ್ಡ ಯಾವುದು ಸ್ವಾಮಿ?

ಅದು ದೇವರು ಮಾಡಿದ ಗುಡ್ಡವಲ್ಲ. ಭೂಮಿಯೊಳಗೆ ಮೂರು ಕಿಲೋಮೀಟರಿಗೂ ಆಳಕ್ಕಿಳಿದು ತಂದ ಕಲ್ಲನ್ನು ಹಿಟ್ಟು ಮಾಡಿ, ಸೈನೈಡ್ ನೀರಿನಲ್ಲಿ ಚಿನ್ನ ಕರಗಿಸಿ ತೆಗೆದುಕೊಂಡು, ಮಿಕ್ಕಿದ್ದನ್ನು ಊರ ಪಕ್ಕ ಸುರಿದ ಗುಡ್ಡ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದು, ಆಮೇಲೆ ಸರ್ಕಾರಗಳ ಕೈಗೆ ಹೋಗಿ, 2001ರ ಫೆಬ್ರವರಿ 28ಕ್ಕೆ ಗಣಿಯ ಬಾಗಿಲು ಮುಚ್ಚಿತು. ಚಿನ್ನ ಹೋಯಿತು, ಕಸ ಉಳಿಯಿತು. ಸಾವಿರ ಎಕರೆ, 13 ಗುಡ್ಡೆ, ಮೂರು ಕೋಟಿ ಟನ್ನಿಗೂ ಮಿಕ್ಕಿದ ಕಸ. ಗಾಳಿ ಎದ್ದರೆ ಅದು ಮನೆಯೊಳಗೆ ಬರುತ್ತದೆ, ಮಳೆ ಬಂದರೆ ಹೊಲಕ್ಕೆ ಇಳಿಯುತ್ತದೆ.

ಸಿನಿಮಾದ ನರಾಚಿಯಲ್ಲಿ ಕೂಲಿಗಳು ಕುರಿಮಂದೆ. ಹೆಸರಿಲ್ಲ, ಮಾತಿಲ್ಲ. ಹೊರಗಿನಿಂದ ಒಬ್ಬ ಗಂಡಸು ಬಂದು ಕತ್ತಿ ಎತ್ತುವ ತನಕ ಅವರು ಏಟು ತಿನ್ನುತ್ತಲೇ ಇರಬೇಕು. ಇದು ಕಟ್ಟುಕಥೆ ಅಂತಾರೆ. ಒಪ್ಪೋಣ. ಕಥೆ ಕಟ್ಟುವುದು ತಪ್ಪಲ್ಲ. ಯಾರನ್ನು ಮೂಕರನ್ನಾಗಿಸಿ ಕಟ್ಟುತ್ತೀರಿ ಅನ್ನುವುದೇ ನಮ್ಮ ಪ್ರಶ್ನೆ. ಉತ್ತರ ಆರ್ಕಾಟು, ಚಿತ್ತೂರಿನ ಕಡೆಯಿಂದ ಬಂದ ಆ ಕೂಲಿಗಳಲ್ಲಿ ಹೆಚ್ಚಿನವರು ದಲಿತರು. 1930ರಲ್ಲಿ, ಬೆರಳಚ್ಚು ಕೊಡಲು ನಾವೇನು ಕಳ್ಳರಾ ಎಂದು ಮುಷ್ಕರ ಹೂಡಿದ ಜನ ಅವರು. ಯಾವ ಹೀರೋನಿಗೂ ಕಾಯಲಿಲ್ಲ. ಹೆಸರು ಬೇಕು, ಗುಡ್ಡ ಬೇಕು, ಈ ಚರಿತ್ರೆ ಮಾತ್ರ ಬೇಡ ಅನ್ನುವುದು ಯಾವ ಸೀಮೆ ನ್ಯಾಯ?

ಪಾ. ರಂಜಿತ್ ಅವರ 'ತಂಗಲಾನ್' (2024) ಈ ಬಾಯಿ ಕಟ್ಟಿದ ಚರಿತ್ರೆಗೆ ಬಾಯಿ ಕೊಟ್ಟಿತು. ನೆಲ ಕಳಕೊಂಡ ದಲಿತನೊಬ್ಬ ಬಿಳಿಯನ ಜತೆ ಚಿನ್ನ ಹುಡುಕಿ ಹೊರಡುತ್ತಾನೆ. ಆ ನೆಲ ತನ್ನ ಹಿರಿಯರದೇ ಎಂದು ಕಂಡುಕೊಳ್ಳುತ್ತಾನೆ. ಇದು ದೊಡ್ಡ ಮಾತು. ಆದರೂ ಅದರ ಕಣ್ಣು ಚಿನ್ನದ ಮೇಲೆಯೇ ನೆಟ್ಟಿದೆ. ಚಿನ್ನ ಮುಗಿದ ಮೇಲೆ ಏನು? ನೆಲ ನಮ್ಮದು ಸರಿ, ಆ ನೆಲದ ವಿಷ ಯಾರದು? ಈ ಕಥೆಯನ್ನು ಇನ್ನೂ ಯಾರಾದರೂ ಹೇಳಬೇಕಾಗಿದೆ.

ವಿಷ ಬಳಿಯುವ ಕೆಲಸ ಯಾರ ಪಾಲಿಗೆ ಬರುತ್ತದೆ ಎಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. 1902ರಲ್ಲಿ ಶಿವನಸಮುದ್ರದ ಕರೆಂಟು ಬೆಂಗಳೂರಿಗಿಂತ ಮೊದಲು ಕೆ.ಜಿ.ಎಫ್‌ಗೆ ಹೋಯಿತು. ಅದೇ ಊರಿನ ಕಾಲೋನಿಗಳಲ್ಲಿ 1980ರ ದಶಕದಲ್ಲೂ ಒಣ ಪಾಯಖಾನೆಗಳಿದ್ದವು, ಮನುಷ್ಯರು ಮನುಷ್ಯರ ಹೇಲು ಬಳಿಯುತ್ತಿದ್ದರು. ಆ ಕೇರಿಯಲ್ಲೇ 1966ರಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಅದರ ವಿರುದ್ಧ ಎದ್ದು ನಿಂತರು. 2016ರಲ್ಲಿ ಅವರಿಗೆ ಮ್ಯಾಗ್ಸೆಸೆ ಬಂತು. ಯಂತ್ರಕ್ಕೆ ಬೆಳಕು ಮೊದಲು, ಮನುಷ್ಯನಿಗೆ ಮರ್ಯಾದೆ ಕೊನೆಗೆ. ಈ ದೇಶದ ಪ್ರಗತಿಯ ಕ್ರಮವೇ ಇದು.

ಇಷ್ಟು ದೂರದ ಕೋಲಾರದ ಮಾತು ಚಿಕ್ಕಜಾಜೂರಿಗೇಕೆ ಅನ್ನಬೇಡಿ. ನಮ್ಮ ಜಂಕ್ಷನ್ನಿನಿಂದ ದುರ್ಗದ ಕಡೆ ಹೊರಳುವ ಹಳಿಯ ಆ ತುದಿಯಲ್ಲೂ ಬಗೆದು ಬಿಟ್ಟ ಗುಡ್ಡಗಳಿವೆ. ಇಂಗಳದಾಳಿನ ತಾಮ್ರದ ಗಣಿ ನಿಂತು ವರ್ಷಗಳಾದವು. ಭೀಮಸಮುದ್ರದ ಅಡಿಕೆ ತೋಟಗಳು ಅದಿರು ಲಾರಿಗಳ ಕೆಂಪು ದೂಳು ಕುಡಿದವು. 2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಜತೆಗೆ ಚಿತ್ರದುರ್ಗ, ತುಮಕೂರಿನ ಗಣಿಗಳನ್ನೂ ನಿಲ್ಲಿಸಿತು. 2013ರಲ್ಲಿ ಅಕ್ರಮ ಮಿತಿಮೀರಿದ ಗಣಿಗಳ ಗುತ್ತಿಗೆ ರದ್ದು ಮಾಡಿ, ಕೆಟ್ಟ ನೆಲ ಸರಿಪಡಿಸಲು ಹಣ ತೆಗೆದಿರಿಸಿತು. 2022ರಲ್ಲಿ ಆ ಹಣದ ಖರ್ಚಿನ ಮೇಲೆ ಕಣ್ಣಿಡಲು ನಿವೃತ್ತ ನ್ಯಾಯಮೂರ್ತಿ ಬಿ. ಸುದರ್ಶನ ರೆಡ್ಡಿ ಅವರನ್ನು ನೇಮಿಸಿತು. ಯೋಜನೆ ಸುಮಾರು 25 ಸಾವಿರ ಕೋಟಿಯದು!

ಇಷ್ಟು ದುಡ್ಡಿಗೆ 'ಪುನಶ್ಚೇತನ' ಎಂಬ ಸಂಸ್ಕೃತದ ಹೆಸರು. ಕಾಲಾಳಿನ ಕನ್ನಡದಲ್ಲಿ ಅದಕ್ಕೆ ಅರ್ಥವೇನು? ರಸ್ತೆ, ಕಟ್ಟಡ, ನಾಲ್ಕು ಸಸಿ, ಒಂದು ತಂತಿಬೇಲಿ ಅಂದರೆ ಅದು ಗುತ್ತಿಗೆದಾರನ ಪುನಶ್ಚೇತನ. ಕೋಲಾರದಲ್ಲಿ 2024ರ ಜೂನ್‌ನಲ್ಲಿ ಆ 13 ಗುಡ್ಡೆಗಳನ್ನು ಮತ್ತೆ ಬಗೆಯಲು ರಾಜ್ಯ ಸಂಪುಟ ಒಪ್ಪಿತು. ಕಸದಲ್ಲೂ ಚಿನ್ನ ಇದೆಯಂತೆ. ಇರಲಿ. ಬಗೆಯುವಾಗ ಏಳುವ ದೂಳನ್ನು ಯಾರು ಕುಡಿಯಬೇಕು? ಬಗೆದ ಮೇಲೆ ಖಾಲಿ ಬೀಳುವ ಸಾವಿರ ಎಕರೆ ಯಾರ ಹೆಸರಿಗೆ?

ಜಾತಿ ನಮ್ಮ ಮೈಯನ್ನು ಮೈಲಿಗೆ ಅಂದಿತು, ಗಣಿ ನಮ್ಮ ನೆಲವನ್ನೇ ಮೈಲಿಗೆ ಮಾಡಿತು. ಮೊದಲನೆಯದು ಹಸಿ ಸುಳ್ಳು, ಎರಡನೆಯದು ನಿಜ. ಆದ್ದರಿಂದ ಮೊದಲು ಬಾವಿ, ಕೆರೆಗಳ ನೀರು ಪರೀಕ್ಷಿಸಿ ಫಲಿತಾಂಶವನ್ನು ಕನ್ನಡದಲ್ಲಿ, ಹಟ್ಟಿಯ ಗೋಡೆಯ ಮೇಲೆ ಅಂಟಿಸಲಿ. ದೂಳು ಕಟ್ಟಿಹಾಕಲಿ. ಆ ಕೆಲಸಕ್ಕೆ ಇಳಿಯುವವರಿಗೆ ಮುಖಕ್ಕೆ ರಕ್ಷಣೆ, ಕೈಗೆ ಪೂರ್ತಿ ಸಂಬಳ ಕೊಡಲಿ. ಸ್ವಚ್ಛವಾದ ನೆಲದಲ್ಲಿ ಮೊದಲ ಹಕ್ಕು ಅಲ್ಲಿ ದುಡಿದು ಶ್ವಾಸಕೋಶ ಕಳಕೊಂಡವರ ಮಕ್ಕಳದಾಗಲಿ.

ಇನ್ನು ಬರೆಯುವವರಿಗೆ, ಸಿನಿಮಾ ಮಾಡುವವರಿಗೆ ಒಂದು ಮಾತು. ಚಿನ್ನವನ್ನು ಹಾಡಿದ್ದು ಸಾಕು. ಉಳಿದ ದೂಳಿನ ಲೆಕ್ಕ ಬರೆಯಿರಿ.