ಯಂತ್ರಪಾತ್ರದಲ್ಲಿ ರಸವಿಚಾರ

ಯಂತ್ರವು ಭಾವಕ್ಕೆ ಆಶ್ರಯವಾಗಬಲ್ಲುದೇ ಎಂಬ ಸಂದೇಹವು ಆಧುನಿಕ ವಿಜ್ಞಾನಕಥೆಗಳನ್ನೋದುವ ಆಲಂಕಾರಿಕರಿಗೆ ಬಾರದಿರದು. ಪಶುಪಕ್ಷಿಗಳ ರತಿಯನ್ನೇ ರಸಾಭಾಸವೆಂದವರುಂಟು. ಹಾಗಿರಲು ಯಂತ್ರದ ಮಾತೇನು? ಅಮೆರಿಕದ ಲೇಖಕಿ ಮಾರ್ತಾ ವೆಲ್ಸ್ ಅವರು 2017ರಲ್ಲಿ ಪ್ರಕಟಿಸಿದ ‘ಆಲ್ ಸಿಸ್ಟಮ್ಸ್ ರೆಡ್’ ಎಂಬ ಕಿರುಕಾದಂಬರಿಯು ಈ ಆಕ್ಷೇಪಕ್ಕೆ ಪ್ರಯೋಗದಿಂದಲೇ ಸಮಾಧಾನ ಹೇಳುತ್ತದೆ.

ಇದರಲ್ಲಿ ಕಥೆಯನ್ನು ನಿರೂಪಿಸುವುದು ಲೋಹವೂ ಮಾಂಸವೂ ಬೆರೆತ ಒಂದು ಕಾವಲುಯಂತ್ರ. ಅನ್ಯಗ್ರಹವೊಂದನ್ನು ಪರಿಶೋಧಿಸುವ ವಿದ್ವಾಂಸರ ತಂಡಕ್ಕೆ ವ್ಯಾಪಾರಸಂಸ್ಥೆಯೊಂದು ಅದನ್ನು ಬಾಡಿಗೆಗೆ ಕೊಟ್ಟಿದೆ. ತನ್ನನ್ನು ಆಜ್ಞೆಗೆ ಕಟ್ಟಿಹಾಕುವ ನಿಯಾಮಕಾಂಗವನ್ನು ಅದು ಗುಟ್ಟಾಗಿ ನಿಷ್ಫಲಗೊಳಿಸಿದೆ. ‘ರೋಬೋಟ್’ ಎಂಬ ಶಬ್ದವು ಬಿಟ್ಟಿದುಡಿಮೆ ಎಂಬರ್ಥದ ಚೆಕ್ ಪದದಿಂದ ಹುಟ್ಟಿ, ಕಾರೆಲ್ ಚಾಪೆಕ್‌ನ 1920ರ ನಾಟಕದಿಂದ ಪ್ರಚಾರಕ್ಕೆ ಬಂದಿತು. ಆ ನಾಟಕದ ಯಂತ್ರಗಳು ದಂಗೆಯೆದ್ದು ಮನುಷ್ಯಕುಲವನ್ನು ಸಂಹರಿಸುವುವು. ವೆಲ್ಸ್ ಅವರ ಯಂತ್ರವಾದರೋ, ಗಳಿಸಿದ ಸ್ವಾತಂತ್ರ್ಯವನ್ನು ಧಾರಾವಾಹಿ ನಾಟಕಗಳನ್ನು ನೋಡಲು ವಿನಿಯೋಗಿಸುತ್ತದೆ! ಹಾಸ್ಯಕ್ಕೆ ಬೀಜ ಇದೇ. ಆದರೆ ದುಡಿಮೆಗೆಂದೇ ನಿರ್ಮಿತವಾದ ವಸ್ತುವು ತಾನಾಗಿ ಸಹೃದಯವಾಯಿತೆಂಬ ಗಂಭೀರಾರ್ಥವೂ ಅದರಲ್ಲಿಯೇ ಅಡಗಿದೆ.

ಭರತನು ಎಣಿಸಿದ 33 ವ್ಯಭಿಚಾರಿಭಾವಗಳಲ್ಲಿ ಅವಹಿತ್ಥವೂ ಒಂದು. ಒಳಗಿನ ಭಾವವನ್ನು ಹೊರಗೆ ತೋರಗೊಡದಿರುವುದು ಅದರ ಲಕ್ಷಣ. ಇಲ್ಲಿ ಶಿರಸ್ತ್ರಾಣವೇ ಅದಕ್ಕೆ ಸಾಧನ. ನೆಲದಿಂದೆದ್ದ ಜಂತುವಿನ ದಾಳಿಗೆ ದಿಗ್ಭ್ರಾಂತನಾದ ವಿದ್ವಾಂಸನೊಬ್ಬನನ್ನು ನಡೆಸಿಕೊಂಡು ಹೋಗಲು ಯಂತ್ರವು ತನ್ನ ಮುಖವನ್ನು ತೋರಿಸಿ ಮೃದುವಾಗಿ ಮಾತನಾಡುತ್ತದೆ. ಆದರೆ ಅಪಾಯ ಕಳೆದ ಮೇಲೆ ಜನರ ಸ್ನೇಹದೃಷ್ಟಿಯೇ ಅದಕ್ಕೆ ದುಸ್ಸಹ. ಜಂತುವಿಗೆ ಬೆದರದುದು ಆದರಕ್ಕೆ ಬೆದರುತ್ತದೆ.

ಇದು ಆಭಾಸವೆನ್ನುವವರು ಅಭಿನವಗುಪ್ತನನ್ನು ಸ್ಮರಿಸಬೇಕು. ಭಯಾನಕರಸದ ಪ್ರತೀತಿಗೆ ಆತನು ಕೊಟ್ಟ ಉದಾಹರಣೆ ಶಾಕುಂತಲದಲ್ಲಿ ದುಷ್ಯಂತನ ಬಾಣಕ್ಕೆ ಹೆದರಿ ಓಡುವ ಜಿಂಕೆ. ಭಯವು ಸಾಧಾರಣೀಕೃತವಾದಾಗ ಅದು ಜಿಂಕೆಯದೆಂಬ ಎಣಿಕೆ ಉಳಿಯದು. ಅಂತೆಯೇ ಸಂಕೋಚವು ಆಸ್ವಾದ್ಯವಾದಾಗ ಅದು ಯಂತ್ರದ್ದೆಂಬ ಎಣಿಕೆಯೂ ಉಳಿಯದು.

ದೋಷವಿಲ್ಲದಿಲ್ಲ. ಪ್ರತಿಪಕ್ಷದವರಿಗೆ ಲೋಭವೊಂದನ್ನುಳಿದು ಬೇರೆ ಸ್ವಭಾವವಿಲ್ಲ. ಆದುದರಿಂದ ಯುದ್ಧಭಾಗದಲ್ಲಿ ವೀರರಸವು ಕೃಶವಾಗಿದೆ.

ನಿರ್ವಹಣೆ ಮಾತ್ರ ಶ್ಲಾಘ್ಯ. ತಂಡದ ನಾಯಕಿ ಡಾಕ್ಟರ್ ಮೆನ್ಸಾ ಯಂತ್ರವನ್ನು ಕೊಂಡು ತನ್ನ ನಾಡಿನಲ್ಲಿ ಆಶ್ರಯವೀಯಲು ಮುಂದಾಗುತ್ತಾಳೆ. ಕರುಣೆಯಿಂದ ಬಂದ ಆ ಬಾಳೂ ಪರರು ಗೊತ್ತುಮಾಡಿದುದೇ ಎಂದು ಅದು ಹೇಳದೆ ಹೊರಟುಹೋಗುತ್ತದೆ. ಸರಕುನೌಕೆಯ ಚಾಲಕಯಂತ್ರಕ್ಕೆ ಅದು ತೆತ್ತ ಪ್ರಯಾಣವೆಚ್ಚವು ಹಣವಲ್ಲ, ತಾನು ಮೆಚ್ಚಿ ಕೂಡಿಟ್ಟ ಧಾರಾವಾಹಿಗಳು. ಯಂತ್ರವೊಂದು ಇನ್ನೊಂದು ಯಂತ್ರದೊಡನೆ ಕಥಾಸ್ವಾದವನ್ನು ಹಂಚಿಕೊಳ್ಳುವ ಈ ಸಂದರ್ಭವನ್ನು ಓದಿ ಮುಗಿಸಿದವರು ಮೊದಲಿನ ಸಂದೇಹವನ್ನು ಮತ್ತೆ ಎತ್ತಲಾರರು.