ಹೆಪ್ಪಿನ ಬಲ

ಅರಕೇರಾ, ದೇವದುರ್ಗ, ಮಾನ್ವಿಯ ಬಿರುಬೇಸಿಗೆಯಲ್ಲಿ ಜೋಳದ ರೊಟ್ಟಿಯ ಊಟ ಮುಗಿಸುವ ಮಜ್ಜಿಗೆಯನ್ನು ಬರೀ ತಂಪು ಪಾನೀಯವೆಂದು ಬಗೆದರೆ ಅದಕ್ಕೆ ಅನ್ಯಾಯ ಮಾಡಿದಂತೆ. ಹಾಲಿಗೆ ಬಿದ್ದ ಚಮಚ ಹೆಪ್ಪಿನೊಳಗಿನ ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳು ಹಾಲಿನ ಸಕ್ಕರೆಯನ್ನು ಆಮ್ಲವಾಗಿಸುತ್ತವೆ. ಆ ಹುಳಿಯಲ್ಲಿ ಭೇದಿ ತರುವ ಹಲವು ಜೀವಾಣುಗಳ ಬೆಳವಣಿಗೆ ಕುಗ್ಗುತ್ತದೆ. ಹೆಪ್ಪಿನ ಈ ಬ್ಯಾಕ್ಟೀರಿಯಾಗಳ ಕೆಲವು ತಳಿಗಳು ಬ್ಯಾಕ್ಟೀರಿಯೋಸಿನ್ ಎಂಬ ಪ್ರೋಟೀನು ಸ್ರವಿಸಿ ಎದುರಾಳಿಗಳನ್ನು ಕೊಲ್ಲುತ್ತವೆ. ಕೆಲವು ತಳಿಗಳು ಕರುಳಿನ ಗೋಡೆಯಲ್ಲಿ ಜಾಗಕ್ಕಾಗಿ ರೋಗಾಣುಗಳೊಂದಿಗೆ ಪೈಪೋಟಿಯನ್ನೂ ನಡೆಸುತ್ತವೆ. ಇದು ಬರೀ ಊಹೆಯಲ್ಲ. ಒಡಿಶಾದ ಹಳ್ಳಿಗಳ 4,500ಕ್ಕೂ ಹೆಚ್ಚು ನವಜಾತ ಶಿಶುಗಳ ಮೇಲೆ ನಡೆದು 2017ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಪ್ರಯೋಗದಲ್ಲಿ, ಇದೇ ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ಗುಂಪಿನ ಲ್ಯಾಕ್ಟೋಬ್ಯಾಸಿಲಸ್ ಪ್ಲಾಂಟೇರಮ್‌ನ ಆಯ್ದ ತಳಿಯನ್ನು ಅದರ ಆಹಾರವಾಗುವ ಸಕ್ಕರೆಯೊಂದಿಗೆ ಕೊಟ್ಟಾಗ ರಕ್ತದ ನಂಜು ಮತ್ತು ಸಾವಿನ ಪ್ರಮಾಣ ಒಟ್ಟಾಗಿ ಶೇ. 40ರಷ್ಟು ಇಳಿಯಿತು.

ಅದು ಆಯ್ದ ತಳಿ, ಮನೆಯ ಮೊಸರಲ್ಲ ಎಂಬ ಆಕ್ಷೇಪ ಸರಿಯೇ. ಹೆಪ್ಪು ಮನೆಮನೆಗೂ ಬೇರೆ, ಪ್ರತಿ ಮನೆಯ ಹೆಪ್ಪಿನ ಗುಣವನ್ನು ಅಳೆದು ನೋಡಿರುವುದಿಲ್ಲ. ಹಾಗಾಗಿ ಮಜ್ಜಿಗೆಯನ್ನು ಔಷಧವೆನ್ನಲಾಗದು. ಆದರೆ ಔಷಧವಲ್ಲದ್ದೆಲ್ಲ ನಿರುಪಯುಕ್ತವೂ ಅಲ್ಲ. ದಿನನಿತ್ಯ, ಕಡಿಮೆ ಖರ್ಚಿನಲ್ಲಿ, ಜೀವಂತ ಬ್ಯಾಕ್ಟೀರಿಯಾಗಳನ್ನು ಬಡವರ ತಟ್ಟೆಗೂ ತಲುಪಿಸುವ ಇಂಥ ಇನ್ನೊಂದು ಕಲೆ ನಮ್ಮಲ್ಲಿ ವಿರಳ. ಕೊಳಕು ನೀರು ಬೆರೆಸಿದರೆ ಮಾತ್ರ ಈ ಗುಣವೆಲ್ಲ ವ್ಯರ್ಥ. ಕುದಿಸಿ ಆರಿಸಿದ ನೀರಿನಲ್ಲೇ ಮಜ್ಜಿಗೆ ಮಾಡಿ; ಮಗುವಿಗೆ ಭೇದಿಯಾದರೆ ಮೊದಲು ಓಆರ್‌ಎಸ್ ಕೊಟ್ಟು ವೈದ್ಯರಲ್ಲಿಗೆ ಕರೆದೊಯ್ಯಿರಿ.